ಹೊತ್ತು ಮುಳುಗಿದ ಮೇಲೆ ನಮ್ಮ ಒಲೆ ಹುಡುಕುವವರಿಗೆ

ಆಹಾರ ಪರವಾನಗಿಯ ತಪಾಸಣೆಗೆ ಬರುವ ಮಾನ್ಯ ಅಧಿಕಾರಿಗಳೇ,

ರೊಟ್ಟಿ, ಚಟ್ನಿ ಮಾರಲು ಪರವಾನಗಿ ಕೇಳಿ ಅರ್ಜಿ ಹಾಕಿದ ನಮ್ಮ ಮನೆಯಲ್ಲಿ ‘ಯಾವುದೇ ಉತ್ಪಾದನೆ ಕಂಡುಬಂದಿಲ್ಲ’ ಎಂದು ತಾವು ಎರಡನೆಯ ಸಲವೂ ಬರೆದು ಹೋಗಿದ್ದೀರಿ. ಕಂಡುಬರುವುದಾದರೂ ಹೇಗೆ? ಎರಡು ಸಲವೂ ತಾವು ಬಂದದ್ದು ದೀಪ ಹಚ್ಚುವ ಹೊತ್ತು ದಾಟಿದ ಮೇಲೆ. ನಾವು ರಬಕವಿಯ ಜೈನರು. ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಊಟವಿಲ್ಲ, ಒಲೆಯೂ ಉರಿಯುವುದಿಲ್ಲ. ಇದೇನು ಗುಟ್ಟಲ್ಲ; ಓಣಿಯಲ್ಲಿ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ತಾವು ಕೇಳಲಿಲ್ಲ.

ಬೆಳಗಾಗುತ್ತಲೇ ನಾನೂ ನಮ್ಮ ಅತ್ತೆ ಇಂದ್ರವ್ವನವರೂ ರೊಟ್ಟಿ ಬಡಿಯಲು ಕೂರುತ್ತೇವೆ. ಮಧ್ಯಾಹ್ನದ ಹೊತ್ತಿಗೆ ರೊಟ್ಟಿ ಒಣಗಿ ಕಡಕ್ ಆಗಿರುತ್ತವೆ. ಆಮೇಲೆ ಬಳ್ಳೊಳ್ಳಿ ಇಲ್ಲದ ಶೇಂಗಾ ಚಟ್ನಿ ಕುಟ್ಟುತ್ತೇವೆ. ಸಂಜೆಗೆ ಹಂಚು ತಣ್ಣಗಾಗಿ, ನೆಲ ಒರೆಸಿ, ಡಬ್ಬಿಗಳೆಲ್ಲ ಸಾಲಾಗಿ ಕೂತಿರುತ್ತವೆ. ಆಗ ತಮ್ಮ ಜೀಪು ಬರುತ್ತದೆ. ಮೊದಲ ಸಲ ತಾವು ಹಂಚಿನ ಮೇಲೆ ಕೈ ಇಟ್ಟು ನೋಡಿ, “ಒಲಿನ ಹಚ್ಚಿಲ್ಲಲ್ರೀ, ಇಲ್ಲೇನ್ ಧಂದೆ ಮಾಡ್ತೀರಿ?” ಎಂದಿರಿ. “ಮುಂಜಾನಿ ಬರ್ರಿ ಸಾಹೇಬ್ರ, ಬಿಸಿ ರೊಟ್ಟಿ ಕೊಡ್ತೀನಿ” ಎಂದರು ಅತ್ತೆ. “ಮುಂಜಾನಿ ಮೀಟಿಂಗ್ ಇರತಾವ್ರೀ” ಎಂದು ತಾವು ಹೊರಟೇಬಿಟ್ಟಿರಿ. ಅಡುಗೆಮನೆ ಸ್ವಚ್ಛವಾಗಿದ್ದದ್ದೇ ನಮ್ಮ ತಪ್ಪಾಯಿತು. ಹಿಟ್ಟು ಚೆಲ್ಲಾಡಿ ಇಟ್ಟಿದ್ದರೆ ಉದ್ಯಮವೆಂದು ಒಪ್ಪುತ್ತಿದ್ದಿರೇನೋ.

ಆ ಮೀಟಿಂಗುಗಳಲ್ಲಿ ಏನು ನಡೆಯುತ್ತದೆಂದು ನನಗೂ ಗೊತ್ತು, ಒಂದಕ್ಕೆ ನಾನೂ ಬಂದಿದ್ದೆ. ಜಮಖಂಡಿಯ ಮಹಿಳಾ ಸ್ವಉದ್ಯೋಗ ಶಿಬಿರದಲ್ಲಿ ತಾವು ಮೈಕು ಹಿಡಿದು, “ತಾಯಂದಿರೇ, ಮನೆಯಿಂದಲೇ ಆರಂಭಿಸಿ” ಎಂದು ಕರೆ ಕೊಟ್ಟಿರಿ. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬಳು. ಊಟದ ಹೊತ್ತಿಗೆ ತಾವು ನಾನು ಒಯ್ದಿದ್ದ ನಮ್ಮ ಚಟ್ನಿಯನ್ನು ಇನ್ನೊಮ್ಮೆ ಹಾಕಿಸಿಕೊಂಡು ಬೆರಳು ನೆಕ್ಕಿದ್ದನ್ನೂ ಕಣ್ಣಾರೆ ಕಂಡೆ. ತಿನ್ನುವಾಗ ಇದ್ದ ಉತ್ಪಾದನೆ ಸಹಿ ಹಾಕುವಾಗ ಮಾಯವಾಯಿತೇ? ದೇವರು ಕೊಟ್ಟರೂ ಪೂಜಾರಿ ಕೊಡ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಬನಹಟ್ಟಿಯ ಕಿರಾಣಿ ಅಂಗಡಿಯ ಗೌರೀಶಣ್ಣ ನಮ್ಮ ಮಾಲಿಗೆಂದೇ ಕಪಾಟಿನ ಒಂದು ಖಾನೆ ಖಾಲಿ ಬಿಟ್ಟಿದ್ದಾರೆ. ಪಾಕೀಟಿನ ಮೇಲೆ ಪರವಾನಗಿ ನಂಬರು ಇರದೆ ಅವರು ಮಾರುವಂತಿಲ್ಲ. “ಎಷ್ಟಂತ ಕಾಯ್ಲಿ ತಂಗಿ? ಈ ತಿಂಗಳ ನೋಡ್ತೀನಿ, ಆಮ್ಯಾಲ ಬ್ಯಾರೇದವ್ರಿಗೆ ಕೊಡ್ತೀನಿ” ಎಂದು ಹೇಳಿದ್ದಾರೆ. ನನ್ನ ಗಂಡ ದುಡಿಯುವ ಮಗ್ಗದ ಶೆಡ್ಡು ಈಗ ನಡೆಯುವುದಕ್ಕಿಂತ ನಿಲ್ಲುವುದೇ ಹೆಚ್ಚು. ಆ ಖಾನೆಯೂ ತಪ್ಪಿದರೆ ನಮ್ಮ ಮನೆ ನಡೆಯುವುದು ಕಷ್ಟ.

ಇಷ್ಟಾದರೂ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಮೊನ್ನೆ ಅತ್ತೆ ನನ್ನ ಪಕ್ಕ ಬಂದು ಕೂತು, ಸಣ್ಣ ದನಿಯಲ್ಲಿ, “ಸಾಹೇಬ್ರು ಮತ್ತ ಬಂದ್ರ, ಹೊತ್ತು ಮುಳುಗಿದ್ರೂ ಒಲಿ ಹಚ್ಚಿಬಿಡೂಣು ಯವ್ವಾ. ಒಂದ್ ರೊಟ್ಟಿ ಬಡದು ತೋರಸ್ತೀನಿ. ಪಾಪ ಬಂದ್ರ ನನಗ ಬರಲಿ” ಎಂದರು. ಬುದ್ಧಿ ಬಂದಾಗಿನಿಂದ ಹೊತ್ತು ಮುಳುಗಿದ ಮೇಲೆ ನೀರನ್ನೂ ಬಾಯಿಗೆ ಹಾಕದ ಹೆಂಗಸು ಅವರು. ನನಗೆ ಅಳು ಬಂತು. ಆಮೇಲೆ ತಮ್ಮ ಮೇಲೆ ಸಿಟ್ಟು ಬಂತು, ಅದು ಇನ್ನೂ ಇಳಿದಿಲ್ಲ.

ಆದ್ದರಿಂದ ಹೇಳಿಬಿಡುತ್ತೇನೆ: ಒಲೆ ಹಚ್ಚುವುದಿಲ್ಲ. ದಯೆ ತೋರಿ ಎಂದೂ ಬೇಡುವುದಿಲ್ಲ. ಈ ತಿಂಗಳು ಮುಗಿಯುವುದರೊಳಗೆ ಒಂದು ದಿನ ಬಿಸಿಲಿರುವಾಗ ಬನ್ನಿ. ತಪ್ಪು ಕಂಡರೆ ಅದನ್ನೇ ಬರೆಯಿರಿ, ಕಂಡದ್ದನ್ನು ಇಲ್ಲವೆನ್ನಬೇಡಿ. ಬಂದರೆ ಅತ್ತೆ ಬಿಸಿ ರೊಟ್ಟಿ ಕೊಟ್ಟೇ ಕಳಿಸುತ್ತಾರೆ. ಅವರು ನನ್ನಷ್ಟು ಸಿಟ್ಟಿನವರಲ್ಲ.

ಇಂತಿ,
ದಿನವಿಡೀ ರೊಟ್ಟಿ ಬಡಿದೂ ತಮ್ಮ ದಾಖಲೆಯಲ್ಲಿ ಕೈಕಟ್ಟಿ ಕೂತಿರುವ
ಧನಶ್ರೀ, ರಬಕವಿ