ಮೌನಗೌರಿಯ ಎಣಿಕೆ

ಗುರುವಾರ, ಫೆಬ್ರವರಿ ೧೩

ಮೈಯೆಲ್ಲ ಉರಿಯುತ್ತಿದೆ. ಮೂರು ವಾರ ಮಕ್ಕಳು ಶಾಲೆಯ ನನ್ನ ಲೈಬ್ರರಿಯಲ್ಲಿ, ಮಕ್ಕಳೇ ಕೊಡುವ ಪ್ರಶಸ್ತಿಗೆ ಆರಿಸಿದ ಆರು ಪುಸ್ತಕಗಳನ್ನು ಕಿತ್ತಾಡಿಕೊಂಡು ಓದಿದರು, ಮೆಚ್ಚಿದ್ದಕ್ಕೆ ಚೀಟಿಯಲ್ಲಿ ಮತ ಹಾಕಿದರು. ಗೆದ್ದದ್ದು ಅಪ್ಪ ಜೈಲಿನಲ್ಲಿರುವ ಹುಡುಗಿಯ ಕಥೆ. ಇವತ್ತು ಸಮಾರಂಭಕ್ಕೆ ಹತ್ತು ನಿಮಿಷ ಇರುವಾಗ ಹೆಡ್‌ಮಿಸ್ ಕರೆದರು.

"ಜೈಲು ಗೀಲು ಅಂತ ವೇದಿಕೆ ಮೇಲೆ ಹೇಳೋಕಾಗುತ್ತಾ? ಎರಡನೇ ಸ್ಥಾನದ ಪುಸ್ತಕಾನೇ ಗೆದ್ದಿದೆ ಅನ್ನಿ."

ಇಪ್ಪತ್ತು ವರ್ಷದಿಂದ ಈ ಕೆಲಸದಲ್ಲಿರುವವಳು, ಎದುರು ಮಾತಾಡದೆ ಹೋಗಿ ಹಾಗೇ ಓದಿದೆ. ಅತಿಥಿಗಳು ಚಪ್ಪಾಳೆ ತಟ್ಟಿದರು.

ಸಂಜೆ ಮೌನಗೌರಿ ಬಂದಳು. ಆರನೇ ತರಗತಿಯವಳು, ತುಟಿ ಬಿಚ್ಚುವುದಿಲ್ಲವೆಂದು ನಾನೇ ಇಟ್ಟ ಹೆಸರು. ನಿನ್ನೆ ನನ್ನ ಜೊತೆ ಕೂತು ಚೀಟಿಗಳನ್ನು ಮೂರು ಸಲ ಎಣಿಸಿದ್ದಳು.

"ಮಿಸ್, ನಾನು ತಪ್ಪು ಎಣಿಸಿದ್ನಾ?"

"ಹೂಂ ಪುಟ್ಟಾ, ಸ್ವಲ್ಪ ಹೆಚ್ಚುಕಮ್ಮಿ ಆಗಿತ್ತು."

"ಸಾರಿ ಮಿಸ್."

ಸಾರಿಯಂತೆ! ಹೆಡ್‌ಮಿಸ್ ಮೇಲಿದ್ದ ಸಿಟ್ಟೆಲ್ಲ ನನ್ನ ಮೇಲೇ ತಿರುಗಿತು. ಸುಳ್ಳು ಹೇಳಿಸಿದ್ದು ಅವರು, ನಿಜ. ಅದನ್ನು ಮಗುವಿನ ತಲೆಗೆ ಕಟ್ಟಿದ್ದು ನಾನು.

ನಿಜವಾದ ಫಲಿತಾಂಶವನ್ನು ಈಗಷ್ಟೇ ದಪ್ಪ ಅಕ್ಷರದಲ್ಲಿ ಬರೆದಿಟ್ಟೆ. ಬೆಳಿಗ್ಗೆ ಲೈಬ್ರರಿ ಬಾಗಿಲಿಗೆ ಅಂಟಿಸುತ್ತೇನೆ. ಹೆಡ್‌ಮಿಸ್ ಏನು ಮಾಡುತ್ತಾರೋ ಮಾಡಲಿ. ಅದಕ್ಕೂ ಮೊದಲು ಆ ಹುಡುಗಿಯ ಕ್ಲಾಸಿಗೆ ಹೋಗಿ, ಎಲ್ಲರೆದುರು ಅವಳ ಕ್ಷಮೆ ಕೇಳಬೇಕು.