ರಬಕವಿಯಲ್ಲಿ ಕರೆಂಟು ಹೋದಾಗ ಬಂದ ಹಾಡು

ಹೌದು ತಂಗೀ ಸಲೋಮಿ, ನಿನ್ನೆ ಫೋನಿನಲ್ಲಿ ನೀನು ಬೈದದ್ದು ಸರಿಯೇ. ನಿನ್ನ ಅತ್ತಿಗೆ ಲೀದಿಯಾ ತೀರಿಕೊಂಡ ಮೇಲೆ ನಾನು ದೇವಾಲಯಕ್ಕೆ ಒಂದೂ ಕ್ರಿಸ್ಮಸ್ ಹಾಡು ಬರೆದಿಲ್ಲ. ಈ ಸಲವೂ ಬರೆಯದಿದ್ದರೆ ಆ ಕೆಲಸ ಬೇರೆಯವರ ಪಾಲು.

ಇಲ್ಲಿ ಗೆಳೆಯ ಲಗಮಪ್ಪನ ಮನೆಯಲ್ಲಿ ಆರು ಪವರ್‌ಲೂಮ್ ಒಟ್ಟಿಗೆ ಬಡಿಯುತ್ತವೆ. ಯಾರಿಗೂ ಕೇಳಿಸದೆಂದು ಇಂದು ಮೂಲೆಯಲ್ಲಿ ಮೊಣಕಾಲೂರಿ, ಕಣ್ಣು ಮುಚ್ಚಿ, "ಕರ್ತನೇ, ಇನ್‌ಸ್ಪಿರೇಶನ್ ಪ್ಲೀಜ್, ಯುವರ್ಸ್ ಒಬೀಡಿಯಂಟ್ಲಿ" ಎಂದು ಕೂಗಿ ಬೇಡಿದೆ. ಮಗ್ಗದ ತಾಳಕ್ಕೇ ಪಲ್ಲವಿ ಬಂತು! "ಹಲ್ಲೆಲೂಯಾ" ಎಂದು ಚೀರಿದೆ. ಆಗಲೇ ಕರೆಂಟು ಹೋಗಿ ಮಗ್ಗಗಳೆಲ್ಲ ನಿಂತಿದ್ದವು.

ನೂಲು ಸುತ್ತುತ್ತಿದ್ದ ಲಗಮಪ್ಪನ ತಾಯಿ ಮುದಕವ್ವ ಕಣ್ಣರಳಿಸಿದಳು.

"ಕರೆಂಟ್ ಹೋದ್ರ ಇಷ್ಟ್ಯಾಕ ಖುಷಿ ನಿಮಗ?"

"ಇಲ್ಲಬೇ ಯವ್ವಾ, ಹಾಡು ಬಂತು."

"ಹಾಡ್ರಿ ಮತ್ತ, ಹೆಂಗೂ ಕೆಲಸ ನಿಂತೈತಿ."

"ಹರಿದ ಎಳೆಗೆ ಗಂಟು ಹಾಕೋ ಕರ್ತನೇ, ನಿನ್ನ ಕೈಯಲ್ಲಿದೆ ನನ್ನ ನೂಲು" ಎಂದು ಹಾಡಿದೆ. ಬೀರೇಶ್ವರನ ಭಕ್ತೆಯಾದರೂ ಮುದುಕಿ ನನಗಿಂತ ಜೋರಾಗಿ ಹಿಮ್ಮೇಳ ಹಿಡಿದಳು. ಪಲ್ಲವಿ ಮುಗಿಸಿ ಎದ್ದರೆ ಅಂಗಿ ಹಿಡಿದೆಳೆದಳು.

"ಅರ್ಧಾ ಹಾಡಿ ಏಳೂದು ನಮ್ಮ ಡೊಳ್ಳಿನ ಮ್ಯಾಳದಾಗ ಇಲ್ರಿ. ಮುಂದಿನ ನುಡಿ ಹಾಡ್ರಿ, ಆಮ್ಯಾಲ ಚಾ."

ಚಿಂತೆ ಬೇಡ, ಬಿಪಿ ಗುಳಿಗೆ ನುಂಗಿದ್ದೇನೆ. ಮೂರು ನುಡಿ ಆಗಿವೆ, ಚಹಾ ಇನ್ನೂ ಇಲ್ಲ. ಸಭಾಪಾಲಕರಿಗೆ ಹೇಳು, ಈ ವರ್ಷದ ಹಾಡು ನನ್ನದೇ. ಬೆಳಕು ಹೋಗುತ್ತಿದೆ, ಅಕ್ಷರ ಕಾಣಿಸುತ್ತಿಲ್ಲ.

ಅಣ್ಣ ದಾನಿಯೇಲಪ್ಪ