ಹಲಗೆಯ ಸೊಂಟ

ರಾಚಾ,

ಎಂಟು ವರ್ಷದ ಮೇಲೆ ಇವತ್ತು ತಲಕಾಡಿನ ಮರಳುದಿಬ್ಬದಿಂದ ಹಲಗೆಯ ಮೇಲೆ ನಿಂತು ಜಾರಿದೆ.

ತೊಂಬತ್ತೆಂಟರಲ್ಲಿ ನೀನು ಟಿ.ವಿ.ಯಲ್ಲಿ ಹಿಮದ ಮೇಲೆ ಜಾರುವವರನ್ನು ನೋಡಿ, ನನ್ನ ಮರಗೆಲಸದ ಶೆಡ್ಡಿಗೆ ಓಡಿಬಂದಿದ್ದೆ. 'ಅವರ ಅಲಗೆ ನಡುವೆ ಸಣ್ಣಗದೆ ಕಣ್ಲಾ, ವಾಲಿದ್ರೆ ತಾನಾಗೇ ತಿರುಗ್ತದೆ. ನಂಗೂ ಅಂಗೇ ಕೆತ್ಕೊಡು' ಅಂದೆ. ನಾನು 'ಅಲಗೆಗೆ ಯಾಕ್ಲಾ ಸೊಂಟ?' ಎಂದು ನಕ್ಕು, ನೆಟ್ಟಗಿನ ಹಲಗೆಯನ್ನೇ ಕೊಟ್ಟು ಕಳಿಸಿದೆ. ಅದು ನಿನ್ನನ್ನು ನೆಟ್ಟಗೆ ಹೊಳೆಯ ಮಡುವಿಗೆ ಒಯ್ದಿತು. ಆಮೇಲೆ ಹಲಗೆಯೊಂದೇ ತೇಲಿತು.

ಈ ಸಲ ಹೊಸ ಹಲಗೆಯ ಎರಡೂ ಅಂಚನ್ನು ನಡುವೆ ಎರಡು ಬೆರಳಷ್ಟು ಒಳಕ್ಕೆ ಬಾಗಿಸಿ ಕೆತ್ತಿದೆ. ನೀರು ಹತ್ತಿರ ಬಂದಾಗ ಒಂದು ಪಕ್ಕಕ್ಕೆ ವಾಲಿದೆ. ಅಂಚು ಮರಳನ್ನು ಕಚ್ಚಿತು; ಹಲಗೆ ಬಿಲ್ಲಿನ ಬಾಗಿನಂತೆ ತಿರುಗಿ ದಡದಲ್ಲೇ ನಿಂತಿತು. ಹಿಂದಿನಿಂದ ಇನ್ನೊಬ್ಬರು ಜಾರಿಬರುವ ಸದ್ದು ಕೇಳಿಸಿತು. ತಿರುಗಿ ನೋಡಿದರೆ ಮರಳಿನ ಮೇಲೆ ನನ್ನದೊಂದೇ ಗುರುತು.

ಊರಿಗೆ ಬಂದಾಗ ನಿಮ್ಮವ್ವ ಹಲಗೆಯ ಆ ಬಾಗನ್ನು ಬೆರಳಿನಿಂದ ಸವರಿ ಕೇಳಿದರು: 'ಇಂಗೆ ಕೆತ್ತಕ್ಕೆ ಎಷ್ಟೊತ್ತು ಇಡೀತಪ್ಪಾ?'

'ಎರಡು ದಿನ ಕಣವ್ವ' ಅಂದೆ.

ಒಂದು ಗಂಟೆಯೂ ಹಿಡಿದಿರಲಿಲ್ಲ.